ಮೂತಿಗೆ ನಂಬರು ಬರೆದ ಮೋಜಿನ ದೋಣಿಗಳು: ಯುದ್ಧದಲ್ಲಿ ಇವು ಮಾಡಿದ್ದಾದರೂ ಏನು?

ಕಡ್ಡಿಪೆಟ್ಟಿಗೆ (ಮೈಸೂರು)

ನಮಸ್ಕಾರ. ಬಾಲ್ಸಾ ಮರದಲ್ಲಿ ಹಡಗಿನ ಮಾದರಿ ಮಾಡುವ ಹುಚ್ಚು ನನಗೆ. ಕ್ರೂಸರು, ಡಿಸ್ಟ್ರಾಯರು ಅಂತ ದೊಡ್ಡ ಯುದ್ಧನೌಕೆಗಳನ್ನೇ ಮಾಡಿ ಮಾಡಿ ಬೇಸರ ಬಂದು ಈ ಸಲ ಸಣ್ಣದೊಂದು ಹಿಡಿದಿದ್ದೇನೆ. ಮೊದಲ ಮಹಾಯುದ್ಧದ ಕಾಲದ ಅಮೆರಿಕದ ಮೋಟಾರು ದೋಣಿ, 60 ಅಡಿ ಉದ್ದ. ಯಾರೋ ಸಾಹುಕಾರರು ಭಾನುವಾರ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಸುತ್ತಲಿ ಅಂತ ಕಟ್ಟಿದ್ದು. 1917ರ ಏಪ್ರಿಲ್ 6ರಂದು ಅಮೆರಿಕ ಯುದ್ಧಕ್ಕೆ ಇಳಿದದ್ದೇ ತಡ, ಅಲ್ಲಿನ ನೌಕಾಪಡೆ ಇಂಥ ಖಾಸಗಿ ದೋಣಿಗಳನ್ನೆಲ್ಲ ಪಟ್ಟಿ ಮಾಡಿ ಒಂದೊಂದಕ್ಕೂ ‘ಎಸ್‌ಪಿ’ ನಂಬರು ಕೊಟ್ಟಿತು. ಸೆಕ್ಷನ್ ಪ್ಯಾಟ್ರೋಲ್, ಅಂದರೆ ಕರಾವಳಿಯನ್ನು ತುಂಡು ಮಾಡಿ ಹಂಚಿಕೊಂಡು ಕಾಯುವ ಗಸ್ತು. ಕೆಲವನ್ನು ಕೊಂಡರು, ಕೆಲವನ್ನು ಬಾಡಿಗೆಗೆ ಪಡೆದರು, ಕೆಲವು ಮಾಲೀಕರು ಬಿಟ್ಟಿಯಾಗಿಯೇ ಕೊಟ್ಟರು. ಬೂದು ಬಣ್ಣ ಬಳಿದು, ಮುಂದೆ ಒಂದು ಪುಟ್ಟ ಫಿರಂಗಿ, ಹಿಂದೆ ಒಂದು ಮೆಷಿನ್ ಗನ್ ಕೂರಿಸಿ, ಮೂತಿಗೆ ನಂಬರು ಬರೆದರೆ ಮುಗಿಯಿತು, ಯುದ್ಧನೌಕೆ!

ನಿನ್ನೆ ರಾತ್ರಿ ಆ ಫಿರಂಗಿಯನ್ನು ಅಂಟಿಸುವಾಗ ತಲೆಯೊಳಗೆ ಹುಳ ಹೊಕ್ಕಿತು. ಅದು ಒನ್ ಪೌಂಡರ್, ಅಂದರೆ ಸುಮಾರು ಒಂದು ಪೌಂಡು ತೂಕದ ಗುಂಡಿನದು, ಕೊಳವೆಯ ಬಾಯಿ 37 ಮಿಲಿಮೀಟರ್. ಮಾದರಿಯಲ್ಲಿ ಬೆಂಕಿಕಡ್ಡಿಗಿಂತ ತೆಳ್ಳಗೆ ಕಾಣುತ್ತದೆ. ಇದನ್ನಿಟ್ಟುಕೊಂಡು ಜರ್ಮನ್ ಸಬ್‌ಮರೀನ್ ಎದುರು ಇವರು ಏನು ಮಾಡಬೇಕು ಅಂತಿದ್ದರು? ತಿಳಿದವರು ಹೇಳಿ.

ಧಾರವಾಡದಾಂವ

ಏನ್ ಮಾಡಬೇಕಂತ ಇದ್ರು? ಫೋಟೋ ತೆಗಿಸ್ಕೊಬೇಕಂತ ಇದ್ರು! ಕಿಸೇದಾಗ ರೊಕ್ಕ ಇದ್ದವರು, ತಮ್ಮ ದೋಣಿಗೆ ಒಂದು ತುಪಾಕಿ ಕಟ್ಟಿ, ಟೊಪ್ಪಿಗಿ ಹಾಕ್ಕೊಂಡು, ನಾವೂ ಯುದ್ಧಕ್ಕ ಹೋಗಿದ್ವಿ ಅಂತ ಮೊಮ್ಮಕ್ಕಳಿಗೆ ಹೇಳಾಕ. ಬಡವರ ಮಕ್ಕಳು ಕಂದಕದಾಗ ಸಾಯ್ತಿದ್ರು, ಇವರು ದಂಡಿ ಗುಂಟ ಹವಾ ತಿನಕೋತ ಇದ್ರು. ಸಿಟ್ಟಾಗಬ್ಯಾಡ್ರಿ, ಅನಿಸಿದ್ದು ಹೇಳಿದೆ.

ಮೇಷ್ಟ್ರು (ಶಿವಮೊಗ್ಗ)

ಧಾರವಾಡದವರ ಮಾತಿನಲ್ಲಿ ಅರ್ಧ ನಿಜ ಇದೆ. ಮಿಕ್ಕರ್ಧ ಹೇಳಲು ಅಮೆರಿಕಕ್ಕಿಂತ ಮೂರು ವರ್ಷ ಹಿಂದೆ ಹೋಗಬೇಕು.

1914ರಲ್ಲಿ ಯುದ್ಧ ಶುರುವಾದಾಗ ಬ್ರಿಟನ್ನಿನಲ್ಲಿ ದೋಣಿ ಇದ್ದವರೇ ಮುಂದೆ ಬಂದು ಮೋಟಾರು ದೋಣಿಗಳ ಒಂದು ಮೀಸಲು ಪಡೆ ಕಟ್ಟಿಕೊಂಡರು. ದೋಣಿ ಅವರದ್ದೇ, ನಡೆಸುವವರೂ ಅವರೇ. ಉತ್ಸಾಹಕ್ಕೆ ಕೊರತೆ ಇರಲಿಲ್ಲ. ದೋಣಿಗಳು ಮಾತ್ರ ನದಿಗೆ, ಬಂದರಿನೊಳಗಿನ ತಿಳಿನೀರಿಗೆ ಹೇಳಿ ಮಾಡಿಸಿದಂಥವು. ಚಳಿಗಾಲದ ಕಡಲು ಅವುಗಳ ಕೀಲು ಸಡಿಲಿಸಿತು. ಅಲ್ಲಿಗೆ ನೌಕಾಪಡೆಗೆ ಒಂದು ಪಾಠವಾಯಿತು: ಬೇಕಾದದ್ದು ಇದೇ ಜಾತಿಯ ದೋಣಿ, ಆದರೆ ಇನ್ನಷ್ಟು ಗಟ್ಟಿ, ಮತ್ತು ಎಲ್ಲವೂ ಒಂದೇ ಅಚ್ಚಿನವು.

1915ರಲ್ಲಿ ಅಮೆರಿಕದ ಎಲ್ಕೋ ಕಂಪನಿಗೆ ಮೊದಲು 50, ಆಮೇಲೆ 500 ದೋಣಿಗಳ ಬೇಡಿಕೆ ಹೋಯಿತು. ಎಲ್ಕೋ ಅಲ್ಲಿಯವರೆಗೆ ಕಟ್ಟುತ್ತಿದ್ದದ್ದು ವಿಹಾರದ ದೋಣಿಗಳನ್ನೇ. ಅಮೆರಿಕ ಆಗ ತಟಸ್ಥ ದೇಶ, ಯುದ್ಧನೌಕೆ ಮಾರುವಂತಿಲ್ಲ. ಅದಕ್ಕೆ ಬಿಡಿಭಾಗಗಳನ್ನು ಅಲ್ಲಿ ತಯಾರಿಸಿ ಕೆನಡಾದ ಕ್ವಿಬೆಕ್, ಮಾಂಟ್ರಿಯಲ್‌ಗಳಲ್ಲಿ ಜೋಡಿಸಿದರು. 550 ದೋಣಿ, 488 ದಿನ. ಲೆಕ್ಕ ಹಾಕಿ, ದಿನಕ್ಕೆ ಒಂದಕ್ಕಿಂತ ಹೆಚ್ಚು. ಎಂ.ಎಲ್. (ಮೋಟಾರ್ ಲಾಂಚ್) ಎಂದು ಕರೆಯುತ್ತಿದ್ದ ಇವುಗಳ ಉದ್ದ 75ರಿಂದ 80 ಅಡಿ, ವೇಗ ಸುಮಾರು 19 ನಾಟ್ (ಒಂದು ನಾಟ್ ಎಂದರೆ ಗಂಟೆಗೆ ಒಂದು ಕಡಲ ಮೈಲು).

ಇನ್ನು ಹವಾ ತಿನ್ನುವ ವಿಚಾರ. ರೋಲಂಡ್ ಬೋರ್ಕ್ ಎಂಬಾತ ಲಂಡನ್ನಿನಲ್ಲಿ ಹುಟ್ಟಿ ಕೆನಡಾಕ್ಕೆ ಹೋಗಿ ಹಣ್ಣಿನ ತೋಟ ಮಾಡಿಕೊಂಡಿದ್ದವನು. ದೃಷ್ಟಿ ಮಂದ ಎಂದು ಕೆನಡಾದ ಸೇನೆ ಅವನನ್ನು ವಾಪಸು ಕಳಿಸಿತು. ಆತ ಇಂಗ್ಲೆಂಡಿಗೆ ಬಂದು ಈ ಮೋಟಾರು ದೋಣಿಗಳ ಪಡೆ ಸೇರಿದ. 1918ರ ಮೇ 10ರ ನಸುಕಿನಲ್ಲಿ ಬೆಲ್ಜಿಯಂನ ಒಸ್ಟೆಂಡ್ ಬಂದರಿನ ಮೇಲೆ ನಡೆದ ದಾಳಿ ಮುಗಿದು ಉಳಿದವರೆಲ್ಲ ಹೊರಬಿದ್ದ ಮೇಲೂ ಇವನು ತನ್ನ ಎಂ.ಎಲ್. 276ನ್ನು ಮತ್ತೆ ಒಳಗೆ ತಿರುಗಿಸಿದ. ಕತ್ತಲಲ್ಲಿ ಯಾರೋ ಕೂಗಿದ್ದು ಕೇಳಿಸಿತ್ತು. ಮಗುಚಿದ ಪುಟ್ಟ ದೋಣಿಯೊಂದಕ್ಕೆ ಮೂವರು ಗಾಯಾಳುಗಳು ಜೋತುಬಿದ್ದಿದ್ದರು. ಅವರನ್ನು ಎತ್ತಿಕೊಂಡು ಹೊರಬರುವಷ್ಟರಲ್ಲಿ ಅವನ ದೋಣಿಗೆ 55 ಕಡೆ ಏಟು ಬಿದ್ದಿತ್ತು. ಬ್ರಿಟನ್ನಿನ ಅತ್ಯುನ್ನತ ಶೌರ್ಯ ಪದಕ ವಿಕ್ಟೋರಿಯಾ ಕ್ರಾಸ್ ಕೊಟ್ಟರು. ಕಣ್ಣು ಸರಿಯಿಲ್ಲ ಎಂದು ಬಿಟ್ಟ ಮನುಷ್ಯನಿಗೆ!

ಧಾರವಾಡದಾಂವ

ಸರ್, ಒಬ್ಬ ಬೋರ್ಕ್ ಇದ್ದ, ಒಪ್ಪಿದೆ. ಆದ್ರ ಅದು ಗಸ್ತು ಅಲ್ಲ, ದಾಳಿ. ಪ್ರಶ್ನಿ ಗಸ್ತಿಂದು. ಎಷ್ಟು ಸಬ್‌ಮರೀನ್ ಮುಳಗಿಸ್ಯಾವು ಈ ದೋಣಿಗೋಳು? ಆ ನಂಬರ್ ಒಂದು ಹೇಳ್ರಿ.

ಗ್ರೀಸ್‌ಕೈ

ನಾನು ಮರ್ಚೆಂಟ್ ನೇವಿಯಲ್ಲಿ ಎಂಜಿನ್ ರೂಮಿನಲ್ಲಿ 31 ವರ್ಷ ಕಳೆದು ನಿವೃತ್ತನಾದವನು. ಮುಳುಗಿಸುವ ಮಾತು ಆಮೇಲೆ, ಮೊದಲು ಇವರು ತಮ್ಮ ದೋಣಿಯನ್ನೇ ಸುಟ್ಟುಕೊಳ್ಳದೆ ಬಂದರಿಗೆ ಮರಳುತ್ತಿದ್ದದ್ದು ಹೇಗೆ ಅಂತ ನನಗೆ ಆಶ್ಚರ್ಯ.

ಈ ಎಂ.ಎಲ್.ಗಳಲ್ಲಿ ತಲಾ 220 ಕುದುರೆಶಕ್ತಿಯ ಎರಡು ಎಂಜಿನ್. ಡೀಸೆಲ್ ಅಲ್ಲ ಸ್ವಾಮಿ, ಪೆಟ್ರೋಲ್. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಎಲ್ಲೋ ಒಂದು ಜಾಯಿಂಟ್ ಜಿನುಗಿದರೆ ಆವಿ ಮೇಲೆ ಹೋಗುವುದಿಲ್ಲ, ದೋಣಿಯ ತಳದಲ್ಲಿ ನೀರು ನಿಲ್ಲುವ ಜಾಗವಿದೆಯಲ್ಲ, ಬಿಲ್ಜ್, ಅಲ್ಲಿ ಹೋಗಿ ಮಲಗಿಕೊಳ್ಳುತ್ತದೆ. ಮೂಗಿಗೆ ಗೊತ್ತಾಗುವಷ್ಟರಲ್ಲಿ ಒಂದು ಕಿಡಿ ಸಾಕು. ಅದರ ಮೇಲೆ ಮರದ ಒಡಲು, ತಲೆಯ ಮೇಲೆ ಮದ್ದುಗುಂಡು, ಸುತ್ತ ಶತ್ರು. ನಾನಾಗಿದ್ದರೆ ಬೀಡಿ ಬಿಟ್ಟುಬಿಡುತ್ತಿದ್ದೆ.

ಇನ್ನು ಡೆಪ್ತ್ ಚಾರ್ಜ್. ಅದು ನೀರಿಗೆ ಹಾಕುವ ಪೀಪಾಯಿ ಬಾಂಬು, ಇಷ್ಟು ಆಳಕ್ಕೆ ಹೋದಾಗ ಸಿಡಿ ಅಂತ ಮೊದಲೇ ಹೊಂದಿಸಿರುತ್ತಾರೆ. ದೊಡ್ಡದರಲ್ಲಿ 300 ಪೌಂಡು ಸ್ಫೋಟಕ. ಹಾಕಿದ ದೋಣಿ ಸಿಡಿಯುವುದರೊಳಗೆ ದೂರ ಓಡಬೇಕು. ಓಡಲಾಗದ ನಿಧಾನದ ದೋಣಿಗಳಿಗೆಂದೇ ಬ್ರಿಟಿಷರು 120 ಪೌಂಡಿನ ಸಣ್ಣದೊಂದು ಮಾಡಿದರು, ಇಲ್ಲದಿದ್ದರೆ ಸಬ್‌ಮರೀನಿನ ಬದಲು ಹಾಕಿದವನ ಬುಡವೇ ಒಡೆಯುತ್ತಿತ್ತು.

ಅಳಿವೆಬಾಗಿಲು (ಮಲ್ಪೆ)

ಮಾರಾಯ್ರೆ, ನಾನು ಬೋಟಿನವ. ಇತಿಹಾಸ ಓದಿದವನಲ್ಲ, ಕಡಲು ಮಾತ್ರ ಗೊತ್ತುಂಟು. ನೀವು ಎಲ್ಲರೂ ಫಿರಂಗಿ, ಬಾಂಬು ಅಂತ ಹೇಳ್ತಾ ಇದ್ದೀರಿ. 60 ಅಡಿ ಬೋಟಿನ ಮೇಲೆ ನಿಂತು ಒಂದು ತೆಂಗಿನಕಾಯಿಗೆ ಕಲ್ಲು ಬಿಸಾಡಿ ನೋಡಿ, ಆಗ ಗೊತ್ತಾಗ್ತದೆ. ತೆರೆ ಇದ್ದರೆ ಬೋಟು ಒಂದು ಕ್ಷಣ ಆಕಾಶ ನೋಡ್ತದೆ, ಇನ್ನೊಂದು ಕ್ಷಣ ನೀರು ನೋಡ್ತದೆ. ಗುರಿ ಎಲ್ಲಿಂದ ಬರಬೇಕು? ಆ ಗನ್ನು ಧೈರ್ಯಕ್ಕೆ.

ಆದರೆ ಕಾಣುವುದು ಬೇರೆ ವಿಷಯ. ನಮ್ಮ ತಾಂಡೇಲ, ಅಂದರೆ ಬೋಟು ನಡೆಸುವವ, ಹತ್ತು ಮೈಲಿನಲ್ಲಿ ಒಂದು ಚುಕ್ಕಿ ಕಂಡರೆ ಅದು ಟ್ರಾಲ್ ಬೋಟಾ, ಪರ್ಸೀನಾ, ಹಡಗಾ ಅಂತ ಹೇಳ್ತಾನೆ. ಹಕ್ಕಿ ಎಲ್ಲಿ ಇಳೀತದೆ, ನೀರಿನ ಬಣ್ಣ ಎಲ್ಲಿ ಬದಲಾಯ್ತು, ಅವನಿಗೆ ಗೊತ್ತು. ಆ ಜಾಗದಲ್ಲಿ ಇರಬಾರದ್ದು ಇದ್ದರೆ ಮೊದಲು ಅವನಿಗೇ ಕಾಣ್ತದೆ. ಈ ದೋಣಿಗಳ ಆಯುಧ ಅದು ಅಂತ ನನ್ನ ಅಂದಾಜು. ಕಣ್ಣು. ಸರಿಯಾ ಮೇಷ್ಟ್ರೆ?

ಮೇಷ್ಟ್ರು (ಶಿವಮೊಗ್ಗ)

ನೂರಕ್ಕೆ ನೂರು ಸರಿ. ಧಾರವಾಡದವರು ಕೇಳಿದ ಲೆಕ್ಕದಲ್ಲಿ ಈ ದೋಣಿಗಳಿಗೆ ಹೆಚ್ಚೇನೂ ಸಿಗುವುದಿಲ್ಲ ಎಂಬುದೂ ಸರಿ. ಆದರೆ ಲೆಕ್ಕದ ಪುಸ್ತಕವೇ ಬೇರೆ.

ಎರಡೂ ಮಹಾಯುದ್ಧಗಳ ಕಾಲದ ಸಬ್‌ಮರೀನ್ ಎಂದರೆ ಆಗಾಗ ಮುಳುಗಬಲ್ಲ ದೋಣಿ, ಅಷ್ಟೆ. ಎರಡನೇ ಮಹಾಯುದ್ಧದಲ್ಲಿ ಜರ್ಮನಿ ಅತಿ ಹೆಚ್ಚು ಬಳಸಿದ ಏಳನೇ ಮಾದರಿಯನ್ನೇ ತೆಗೆದುಕೊಳ್ಳಿ. ನೀರಿನ ಮೇಲೆ 17 ನಾಟ್ ಓಡುತ್ತಿತ್ತು, ಮುಳುಗಿದರೆ ಹೆಚ್ಚೆಂದರೆ ಏಳೂವರೆ. ಅದೂ ಬ್ಯಾಟರಿ ಇರುವತನಕ. 4 ನಾಟ್‌ನಂತೆ ತೆವಳಿದರೆ ಸುಮಾರು 80 ಮೈಲು, ಆಮೇಲೆ ಮೇಲೆ ಬಂದು ಡೀಸೆಲ್ ಎಂಜಿನ್ ಹಾಕಿ ಚಾರ್ಜ್ ಮಾಡಲೇಬೇಕು. ಅಂದರೆ ಸರಕಿನ ಹಡಗನ್ನು ಅಟ್ಟಿಸಿಕೊಂಡು ಹೋಗಿ ಹಿಡಿಯುವುದು ನೀರಿನ ಮೇಲಿಂದ ಮಾತ್ರ ಸಾಧ್ಯ. ಈಗ ಅಲ್ಲೊಂದು ಪುಟ್ಟ ದೋಣಿ ಕಾಣಿಸಿತು ಅನ್ನಿ. ಕಪ್ತಾನ ಅದನ್ನು ತನ್ನ ಫಿರಂಗಿಯಿಂದ ಚಿಂದಿ ಮಾಡಬಲ್ಲ, ಆದರೆ ಅಷ್ಟರಲ್ಲಿ ಅದು ಕೂಗಿಕೊಂಡರೆ ವಿಮಾನ ಬರುತ್ತದೆ. ಅದಕ್ಕೆ ಮುಳುಗುತ್ತಾನೆ. ಮುಳುಗಿದ ಎರಡು ಗಂಟೆಯಲ್ಲಿ ಅವನ ಬೇಟೆ ದಾಟಿ ಹೋಗಿರುತ್ತದೆ. ಹಾಗೆ ಉಳಿದ ಹಡಗನ್ನು ಯಾವ ಪಟ್ಟಿಯಲ್ಲೂ ಬರೆಯುವುದಿಲ್ಲ, ಯಾಕೆಂದರೆ ಅದಕ್ಕೆ ಏನೂ ಆಗಿಲ್ಲವಲ್ಲ!

ಕೂಗಿಕೊಳ್ಳುವುದು ಅಂದೆ. ಮೊದಲ ಯುದ್ಧದಲ್ಲಿ ಸಣ್ಣ ದೋಣಿಗಳಲ್ಲಿ ಎಷ್ಟೋ ಕಡೆ ವೈರ್‌ಲೆಸ್ ಇರಲಿಲ್ಲ. ಬ್ರಿಟಿಷ್ ಮೀನುದೋಣಿಗಳಲ್ಲಿ ಪಾರಿವಾಳ ಇಟ್ಟುಕೊಂಡಿದ್ದರು. 1917ರ ಆಗಸ್ಟ್ 15ರಂದು ನೆಲ್ಸನ್ ಎಂಬ ಹಾಯಿಯ ಮೀನುದೋಣಿಯನ್ನು ಸಬ್‌ಮರೀನ್ ದೂರದಿಂದಲೇ ಹೊಡೆಯತೊಡಗಿತು. ದೋಣಿಯಲ್ಲಿದ್ದ ಪುಟ್ಟ ಫಿರಂಗಿಯ ಗುಂಡು ಅಷ್ಟು ದೂರ ಹೋಗುವಂತಿಲ್ಲ. ಕಪ್ತಾನ ಟಾಮ್ ಕ್ರಿಸ್ಪ್‌ಗೆ ಮೈ ಸೀಳಿಹೋಗಿತ್ತು. ಮಗನೂ ಅದೇ ದೋಣಿಯಲ್ಲಿದ್ದ. ಆ ಸ್ಥಿತಿಯಲ್ಲಿ ಕ್ರಿಸ್ಪ್ ಚೀಟಿ ಬರೆಸಿ ಪಾರಿವಾಳ ಹಾರಿಸಿದ. ಆತ ಅಲ್ಲೇ ಸತ್ತ. ಪಾರಿವಾಳ ದಡ ಮುಟ್ಟಿತು, ಮಗ ಮತ್ತು ಉಳಿದವರು ಬದುಕಿದರು.

ಅಳಿವೆಬಾಗಿಲು (ಮಲ್ಪೆ)

ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ.

ಹಡ್ಸನ್‌ದಂಡೆ (ನ್ಯೂಜೆರ್ಸಿ)

ತಡವಾಗಿ ಬಂದೆ, ಇಲ್ಲಿ ಈಗ ಬೆಳಗಾಯಿತು. ಮೇಷ್ಟ್ರು ಹೇಳಿದ ಎಲ್ಕೋ ಇದ್ದದ್ದು ನಮ್ಮ ಪಕ್ಕದ ಬೇಯಾನ್‌ನಲ್ಲೇ. ಅದಕ್ಕೇ ಈ ವಿಷಯ ಕಂಡಾಗ ಬಾಯಿ ಮುಚ್ಚಿಕೊಂಡಿರಲು ಆಗುವುದಿಲ್ಲ.

ನೀವು 1917ರ ಬಗ್ಗೆ ಮಾತಾಡುತ್ತಿದ್ದೀರಿ, ನನಗೆ 1942 ಇನ್ನೂ ಸ್ವಾರಸ್ಯ. ಆ ವರ್ಷದ ಜನವರಿಯಲ್ಲಿ ಜರ್ಮನ್ ಸಬ್‌ಮರೀನುಗಳು ಅಮೆರಿಕದ ಪೂರ್ವ ಕರಾವಳಿಗೆ ಬಂದಾಗ ಇಲ್ಲಿನ ಊರುಗಳು ದೀಪ ಕೂಡ ಆರಿಸಿರಲಿಲ್ಲ. ನ್ಯೂಜೆರ್ಸಿಯಿಂದ ಫ್ಲಾರಿಡಾದವರೆಗೆ ಹೋಟೆಲುಗಳ ಬೆಳಕು ಜಗಜಗ. ಆ ಬೆಳಕಿಗೆ ಅಡ್ಡವಾಗಿ ಹಾದುಹೋಗುವ ಟ್ಯಾಂಕರು, ಅಂದರೆ ಎಣ್ಣೆ ಸಾಗಿಸುವ ಹಡಗು, ಬೊಂಬೆಯಾಟದ ಪರದೆಯ ಮೇಲಿನ ತೊಗಲುಬೊಂಬೆಯ ಹಾಗೆ ಕಾಣಬೇಕು. ಫೆಬ್ರವರಿ ಕೊನೆಯಲ್ಲಿ ಆರ್.ಪಿ. ರೆಸರ್ ಎಂಬ ಟ್ಯಾಂಕರು ನ್ಯೂಜೆರ್ಸಿಯ ಎದುರಿಗೇ ಹೊತ್ತಿ ಉರಿಯಿತು, ಬದುಕಿದ್ದು ಇಬ್ಬರು. ದಡದಲ್ಲಿ ನಿಂತ ಜನಕ್ಕೆ ಬೆಂಕಿ ಕಾಣುತ್ತಿತ್ತು.

ನೌಕಾಪಡೆಯ ಹತ್ತಿರ ಕಾವಲಿಗೆ ಸಾಕಷ್ಟು ಹಡಗಿಲ್ಲ. ಹಾಯಿದೋಣಿ ಕ್ಲಬ್ಬಿನವರು ನಮ್ಮವನ್ನು ತಗೊಳ್ಳಿ ಅಂತ ಬಂದರೆ ದೊಡ್ಡ ಅಧಿಕಾರಿಗಳು ಮೂಗು ಮುರಿದರು. ಕೊನೆಗೆ ಮೇ ತಿಂಗಳಲ್ಲಿ ಬೇರೆ ದಾರಿ ಕಾಣದೆ ಒಪ್ಪಿದರು. ಕೋಸ್ಟ್ ಗಾರ್ಡ್ ಕೈಕೆಳಗೆ ಮೋಟಾರು ದೋಣಿ, ಮೀನುದೋಣಿ, ಹಾಯಿದೋಣಿಗಳ ಒಂದು ಸಂತೆ ಸೇರಿತು. ವಯಸ್ಸು ಮೀರಿದವರು, ವೈದ್ಯಕೀಯ ಪರೀಕ್ಷೆಯಲ್ಲಿ ಬಿದ್ದವರು, ಕಾಲೇಜು ಹುಡುಗರು, ಬೆಸ್ತರು. ಜನ ಇದನ್ನು ‘ಪೋಕರಿಗಳ ನೌಕಾಪಡೆ’ ಅಂತಲೇ ಕರೆದರು. ಕಡಲನ್ನು 15 ಮೈಲಿನ ಚೌಕಗಳಾಗಿ ಕೊಯ್ದು ಒಂದೊಂದನ್ನು ಕಾಯಲು ಕೊಟ್ಟರು.

ಇಲ್ಲೊಂದು ತಮಾಷೆ. ಹೊಸ ಕಾಲದ ಯುದ್ಧಕ್ಕೆ ಹಳೇ ಹಾಯಿಯೇ ಒಳ್ಳೆಯದಾಯಿತು. ಮೋಟಾರು ದೋಣಿ ಎರಡು ದಿನದಲ್ಲಿ ಪೆಟ್ರೋಲಿಗೆ ಬಾಯಿ ಬಿಡುತ್ತದೆ, ಹಾಯಿ ವಾರಗಟ್ಟಲೆ ನಿಲ್ಲುತ್ತದೆ. ಎಂಜಿನ್ ಸದ್ದಿಲ್ಲದ ಕಾರಣ ನೀರೊಳಗಿನಿಂದ ಕಿವಿಗೊಟ್ಟವನಿಗೆ ಕೇಳಿಸುವುದೂ ಇಲ್ಲ.

ಇದನ್ನೂ ಮೋಜು ಅಂತ ಧಾರವಾಡದ ಅಣ್ಣ ಹೇಳುವುದಾದರೆ ಝೈಡಾ ಎಂಬ 58 ಅಡಿಯ ಹಾಯಿದೋಣಿಯ ಕಥೆ ಕೇಳಲಿ. 1942ರ ಡಿಸೆಂಬರಿನಲ್ಲಿ ನಾಂಟಕೆಟ್ ದ್ವೀಪದ ಆಚೆ ತೂಫಾನಿಗೆ ಸಿಕ್ಕಿತು, ಒಂಬತ್ತು ಜನ ಒಳಗೆ. ಒಂದು ಯುದ್ಧನೌಕೆ ಹಗ್ಗ ಹಾಕಿ ಎಳೆಯಲು ನೋಡಿತು, ಹಗ್ಗ ತುಂಡಾಯಿತು. ಆಮೇಲೆ ದೋಣಿ ಎಲ್ಲಿ ಹೋಯಿತೋ ಯಾರಿಗೂ ತಿಳಿಯದು. ವಿಮಾನ, ಹಡಗುಗಳ ದೊಡ್ಡ ಹುಡುಕಾಟ. ಸುಮಾರು ಮೂರು ವಾರದ ಮೇಲೆ, ನೂರಾರು ಮೈಲು ದಕ್ಷಿಣಕ್ಕೆ, ನಾರ್ತ್ ಕೆರೊಲೈನಾ ಆಚೆ ಒಂದು ಬ್ಲಿಂಪ್ ಕಣ್ಣಿಗೆ ಬಿತ್ತು. ಬ್ಲಿಂಪ್ ಅಂದರೆ ಗಾಳಿಗಿಂತ ಹಗುರವಾದ ಹೀಲಿಯಂ ಅನಿಲ ತುಂಬಿದ ತೇಲು ವಿಮಾನ. ಒಂಬತ್ತು ಜನರೂ ಜೀವಂತ!

ಕಡ್ಡಿಪೆಟ್ಟಿಗೆ (ಮೈಸೂರು)

ಅಮೆರಿಕದ ಕಾದಂಬರಿಕಾರ ಹೆಮಿಂಗ್ವೇ ಕೂಡ ಕ್ಯೂಬಾದಲ್ಲಿ ತನ್ನ 38 ಅಡಿಯ ಪಿಲಾರ್ ದೋಣಿ ಹಿಡಿದು ಸಬ್‌ಮರೀನ್ ಬೇಟೆಗೆ ಹೋಗಿದ್ದನಲ್ಲ? ಮೀನು ಹಿಡಿಯುವವನ ಹಾಗೆ ನಟಿಸಿ, ಸಬ್‌ಮರೀನ್ ಹತ್ತಿರ ಬಂದಾಗ ಅದರ ಬಾಯಿಗೆ ಗ್ರೆನೇಡ್ ಹಾಕುವ ಉಪಾಯ.

ಧಾರವಾಡದಾಂವ

ಸಿಕ್ತೇನು ಒಂದರ?

ಕಡ್ಡಿಪೆಟ್ಟಿಗೆ (ಮೈಸೂರು)

ಇಲ್ಲ.

ಧಾರವಾಡದಾಂವ

🙂

ಮೇಷ್ಟ್ರು (ಶಿವಮೊಗ್ಗ)

ಆ ನಗು ಇರಲಿ, ಈಗ ಎದುರು ಪಾಳೆಯಕ್ಕೆ ಹೋಗೋಣ. ಕಣ್ಣಿನ ಕೆಲಸ ಕೆಲಸವೇ ಎನ್ನುವುದಕ್ಕೆ ನನ್ನ ಬಳಿ ಇರುವ ಅತ್ಯುತ್ತಮ ಸಾಕ್ಷಿ ಜಪಾನಿನದು.

ಟೋಕಿಯೊದ ಪೂರ್ವಕ್ಕೆ ನೂರಾರು ಮೈಲು ದೂರದಲ್ಲಿ ಜಪಾನು ಒಂದು ಬೇಲಿ ಹಾಕಿತ್ತು. ಬೇಲಿಗೂಟಗಳೆಂದರೆ ವಶಕ್ಕೆ ತೆಗೆದುಕೊಂಡ ಮೀನುದೋಣಿಗಳು. ರೇಡಾರ್ ಇಲ್ಲ, ಬೈನಾಕ್ಯುಲರ್ ಮತ್ತು ರೇಡಿಯೊ ಅಷ್ಟೆ. ಅದರಲ್ಲೊಂದು 23ನೇ ನಿಟ್ಟೊ ಮಾರು. 1942ರ ಏಪ್ರಿಲ್ 18ರ ಬೆಳಗ್ಗೆ ಅದರ ಕಣ್ಣಿಗೆ ಬಿದ್ದದ್ದು ಅಮೆರಿಕದ ವಿಮಾನವಾಹಕ ನೌಕೆ ಹಾರ್ನೆಟ್ ಇದ್ದ ಪಡೆ. ಹಾರ್ನೆಟ್ ಮೇಲೆ ಅಮೆರಿಕದ ವಾಯುಸೇನಾಧಿಕಾರಿ ಡೂಲಿಟಲ್‌ನ 16 ಬಿ-25 ಬಾಂಬರ್‌ಗಳು, ಟೋಕಿಯೊ ಮೇಲೆ ದಾಳಿಗೆ ಹೊರಟವು. ದೋಣಿ ಕೂಡಲೇ ರೇಡಿಯೊದಲ್ಲಿ ಸುದ್ದಿ ಕಳಿಸಿತು. ನ್ಯಾಶ್‌ವಿಲ್ ಎಂಬ ಕ್ರೂಸರ್ ಅದನ್ನು ಮುಳುಗಿಸಲು ಹೊರಟಿತು. ತೆರೆ ಎಷ್ಟಿತ್ತೆಂದರೆ ಆ ಪುಟ್ಟ ದೋಣಿಗೆ ಒಂಬೈನೂರಕ್ಕೂ ಹೆಚ್ಚು ಗುಂಡು ಸುರಿಯಬೇಕಾಯಿತು. ಮಲ್ಪೆಯವರು ಹೇಳಿದ ತೆಂಗಿನಕಾಯಿ ಲೆಕ್ಕ ಕ್ರೂಸರಿಗೂ ಅನ್ವಯಿಸಿತು!

ದೋಣಿ ಮುಳುಗಿತು, ಆದರೆ ಗುಟ್ಟು ಒಡೆದಿತ್ತು. ಬಾಂಬರ್‌ಗಳು ಯೋಜನೆಗಿಂತ ಸುಮಾರು ಹತ್ತು ಗಂಟೆ ಮೊದಲೇ, 170 ಮೈಲು ಹೆಚ್ಚು ದೂರದಿಂದ ಹಾರಬೇಕಾಯಿತು. ಟೋಕಿಯೊ ಮೇಲೆ ಬಾಂಬು ಬಿದ್ದದ್ದು ಬಿದ್ದಿತು. ಆದರೆ ಇಂಧನ ಸಾಲದೆ, ಒಂದು ವಿಮಾನ ರಷ್ಯಾದಲ್ಲಿ ಇಳಿಯಿತು, ಉಳಿದ 15ರಲ್ಲಿ ಒಂದೂ ಚೀನಾದಲ್ಲಿ ಸರಿಯಾಗಿ ನೆಲ ಮುಟ್ಟಲಿಲ್ಲ. ಇಷ್ಟನ್ನೂ ಮಾಡಿದ್ದು 11 ಜನರಿದ್ದ ಒಂದು ಮೀನುದೋಣಿ. ಐವರು ಬದುಕಿ ಸೆರೆಯಾದರು.

ಅಳಿವೆಬಾಗಿಲು (ಮಲ್ಪೆ)

ಅಂದರೆ ಆ ದೋಣಿಯನ್ನು ಅಲ್ಲಿ ಇಟ್ಟವನಿಗೆ ಮೊದಲೇ ಗೊತ್ತಿತ್ತು, ಇದು ಶತ್ರುವನ್ನು ಕಂಡ ದಿನ ಮುಳುಗ್ತದೆ ಅಂತ. ದೋಣಿಯಲ್ಲಿದ್ದವರಿಗೂ ಗೊತ್ತಿದ್ದಿರಬೇಕು. ಸೌಮ್ಯ ಮಾತಲ್ಲಿ ಕಣ್ಣು ಅಂತೀರಿ, ನಮ್ಮ ಕಡೆ ಇದನ್ನು ಗಾಳಕ್ಕೆ ಹಾಕುವ ಎರೆ ಅಂತೇವೆ.

ಹೌರಾಕನ್ನಡತಿ

ಬಹಳ ಹೊತ್ತಿನಿಂದ ಓದುತ್ತಿದ್ದೇನೆ. ನೀವೆಲ್ಲ ದೋಣಿ ಕೊಟ್ಟವರ ಕಥೆ ಹೇಳುತ್ತಿದ್ದೀರಿ. ಅದೇ 1942ರಲ್ಲಿ ದೋಣಿ ಕಿತ್ತುಕೊಂಡ ಕಥೆಯನ್ನೂ ಸೇರಿಸಿ.

ಬರ್ಮಾ ಜಪಾನಿಗೆ ಬಿದ್ದ ಮೇಲೆ ಬಂಗಾಳದ ಕರಾವಳಿಯಲ್ಲಿ ಬ್ರಿಟಿಷ್ ಸರಕಾರಕ್ಕೆ ಹೊಳೆದದ್ದು, ಶತ್ರು ಬಂದರೆ ಅವನ ಕೈಗೆ ದೋಣಿ ಸಿಗಬಾರದು ಅಂತ. ಹತ್ತು ಜನಕ್ಕಿಂತ ಹೆಚ್ಚು ಹಿಡಿಸುವ ದೋಣಿಗಳನ್ನೆಲ್ಲ ವಶಪಡಿಸಿಕೊಂಡರು, ಮುಳುಗಿಸಿದರು, ಒಡೆದರು, ಸುಟ್ಟರು. ನೋಂದಣಿಯಾಗಿದ್ದ ಸುಮಾರು 66,000 ದೋಣಿಗಳಲ್ಲಿ ಮೂರರಲ್ಲಿ ಎರಡು ಪಾಲು ಹೋಯಿತು. ಆ ನಾಡಿನಲ್ಲಿ ದೋಣಿಯೇ ರಸ್ತೆ, ದೋಣಿಯೇ ಎತ್ತಿನಗಾಡಿ. ಬೆಸ್ತನಿಗೆ ಮೀನಿಲ್ಲ, ರೈತನಿಗೆ ನದಿ ನಡುವಿನ ಹೊಲಕ್ಕೆ ದಾರಿಯಿಲ್ಲ, ಭತ್ತ ಸಾಗುವುದಿಲ್ಲ. ಮರುವರ್ಷದ ಕ್ಷಾಮಕ್ಕೆ ಕಾರಣಗಳು ಹಲವು, ಇದೂ ಅವುಗಳಲ್ಲಿ ಒಂದು. ಅಮೆರಿಕದಲ್ಲಿ ದೋಣಿಯವನಿಗೆ ನೀನು ನಮ್ಮ ಕಣ್ಣು ಅಂದರು. ಇಲ್ಲಿ ದೋಣಿಯವನನ್ನು ಕೇಳಲೇ ಇಲ್ಲ.

ಹಡ್ಸನ್‌ದಂಡೆ (ನ್ಯೂಜೆರ್ಸಿ)

ಅಕ್ಕ, ಈ ಕಡೆಯೂ ಎಲ್ಲರನ್ನೂ ಕೇಳಲಿಲ್ಲ. ಕೆನಡಾದ ಪಶ್ಚಿಮ ಕರಾವಳಿಯಲ್ಲಿ ಬೆಸ್ತರದ್ದೇ ಒಂದು ಮೀಸಲು ನೌಕಾಪಡೆ ಇತ್ತು, ‘ಗಂಬೂಟು ನೇವಿ’ ಅನ್ನುತ್ತಿದ್ದರು. ಪರ್ಲ್ ಹಾರ್ಬರ್ ಮೇಲೆ ಜಪಾನಿನ ದಾಳಿ ಆದ ಮೇಲೆ ಅವರಿಗೆ ಸಿಕ್ಕ ದೊಡ್ಡ ಕೆಲಸ, ಜಪಾನಿ ಮೂಲದ ಕೆನಡಿಯನ್ನರ ಸುಮಾರು 1,200 ಮೀನುದೋಣಿಗಳನ್ನು ಹಿಡಿದು ತರುವುದು. ನಿನ್ನೆಯವರೆಗೆ ಪಕ್ಕದಲ್ಲೇ ಬಲೆ ಬೀಸುತ್ತಿದ್ದವರ ದೋಣಿಗಳು. ಆಮೇಲೆ ಅವನ್ನು ಮಾರಿಬಿಟ್ಟರು.

ಧಾರವಾಡದಾಂವ

ಇದು ಬರೋಬ್ಬರಿ ಮಾತು. ನಾ ಮೊದಲ ಹೇಳಿದ ಸಾವ್ಕಾರ-ಬಡವ ಲೆಕ್ಕಾನ ಇಲ್ಲಿ ಬೇರೆ ರೂಪದಾಗ ಬಂತು ನೋಡ್ರಿ. ಯಾರ ದೋಣಿ ಅನ್ನೂದರ ಮ್ಯಾಲ ಅದು ಕಾವಲೋ ಕಳ್ಳಮಾಲೋ ಅಂತ ತೀರ್ಮಾನ.

ಹೌರಾಕನ್ನಡತಿ

ಇನ್ನೊಂದು ಹೇಳಿ ನಿಲ್ಲಿಸುತ್ತೇನೆ. 1971ರಲ್ಲಿ ಇದೇ ಕೊಲ್ಕತ್ತ ಬಂದರಿನ ಎರಡು ದೋಣಿಗಳಿಗೆ ಬೋಫೋರ್ಸ್ ತೋಪು ಕೂರಿಸಿ ಬಾಂಗ್ಲಾದೇಶದ ಬಿಡುಗಡೆಗೆ ಹೋರಾಡುತ್ತಿದ್ದ ಮುಕ್ತಿವಾಹಿನಿಗೆ ಕೊಟ್ಟರು, ಪದ್ಮಾ ಮತ್ತು ಪಲಾಶ್ ಅಂತ ಹೆಸರಿಟ್ಟು. ನಮ್ಮ ವಿಮಾನಗಳಿಗೆ ಗುರುತು ಸಿಗಲಿ ಅಂತ ಮೇಲ್ಭಾಗಕ್ಕೆ ಹಳದಿ ಬಳಿದಿದ್ದರು. ಡಿಸೆಂಬರ್ 10ರಂದು ಖುಲ್ನಾ ಹತ್ತಿರ ನಮ್ಮ ವಿಮಾನಗಳೇ ತಪ್ಪು ತಿಳಿದು ಎರಡರ ಮೇಲೂ ಬಾಂಬು ಹಾಕಿದವು. ಪಲಾಶ್‌ನ ಎಂಜಿನ್ ರೂಮಿನಲ್ಲಿದ್ದ ರುಹುಲ್ ಅಮೀನ್ ಬಾಂಗ್ಲಾದೇಶದ ಅತ್ಯುನ್ನತ ಶೌರ್ಯ ಪದವಿ ಪಡೆದ ಏಳು ಬೀರಶ್ರೇಷ್ಠರಲ್ಲಿ ಒಬ್ಬರು.

ಗ್ರೀಸ್‌ಕೈ

ಎಂಜಿನ್ ರೂಮಿನವನಿಗೆ ಹೊರಗೆ ಯಾರ ವಿಮಾನ ಅಂತ ಕೂಡ ಕಾಣುವುದಿಲ್ಲ.

ಅಳಿವೆಬಾಗಿಲು (ಮಲ್ಪೆ)

ಈಗಿನ ಮಾತು ಹೇಳ್ತೇನೆ. 2008ರಲ್ಲಿ ಮುಂಬಯಿಗೆ ಬಂದವರು ಕುಬೇರ್ ಅನ್ನುವ ಮೀನಿನ ಬೋಟನ್ನೇ ಹಿಡಿದು ಅದರಲ್ಲೇ ಬಂದದ್ದಲ್ವಾ. ಅದಾದ ಮೇಲೆ ನಮಗೆ ಗುರುತಿನ ಕಾರ್ಡು ಬಂತು, ರಾಜ್ಯಕ್ಕೊಂದು ಬಣ್ಣ ಬಂತು. ಕರಾವಳಿ ಕಾವಲು ಪೊಲೀಸರ ಮುಖ್ಯ ಕಚೇರಿ ಇಲ್ಲೇ ಮಲ್ಪೆಯಲ್ಲಿ ಉಂಟು. ಅನುಮಾನ ಬಂದರೆ 1093ಕ್ಕೆ ಫೋನ್ ಮಾಡಿ, ಕೋಸ್ಟ್ ಗಾರ್ಡಿಗಾದರೆ 1554 ಅಂತ ಹೇಳಿಕೊಟ್ಟಿದ್ದಾರೆ. ನೀವೇ ನಮ್ಮ ಕಣ್ಣು, ಕಿವಿ ಅಂತ ಪ್ರತಿ ಸಭೆಯಲ್ಲಿ ಭಾಷಣ.

ಒಂದು ಸಲ ನಾನು ಒಂದು ಗುರುತಿಲ್ಲದ ಬೋಟು ಕಂಡು ಹೇಳಿದೆ. ದಡಕ್ಕೆ ಬಂದ ಮೇಲೆ ಒಂದು ಕಚೇರಿಯಲ್ಲಿ ಅರ್ಧ ದಿನ ಕೂರಿಸಿದರು, ನೀವು ಅಲ್ಲಿ ಎಂತಕ್ಕೆ ಇದ್ದದ್ದು ಅಂತ. ಐಸು ಕರಗಿ ಬಂಗುಡೆಗೆ ಅರ್ಧ ರೇಟು. ಆಮೇಲೆ ಗೊತ್ತಾಯ್ತು, ಅದು ಎಂಜಿನ್ ಕೆಟ್ಟು ತೇಲಿ ಬಂದ ಪಕ್ಕದ ರಾಜ್ಯದವರ ಬೋಟು, ಪಾಪ. ಆದರೂ ಇನ್ನೊಮ್ಮೆ ಕಂಡರೆ ಹೇಳ್ತೇನೆ, ಅದು ಬೇರೆ.

ಕಡ್ಡಿಪೆಟ್ಟಿಗೆ (ಮೈಸೂರು)

ಎಲ್ಲರಿಗೂ ಧನ್ಯವಾದ. ನಿನ್ನೆ ಅಂಟಿಸಿದ ಫಿರಂಗಿಯನ್ನು ತೆಗೆಯುವುದಿಲ್ಲ, ಇದ್ದದ್ದು ಇರಲಿ. ಆದರೆ ಅದರ ಹಿಂದೆ ಇಬ್ಬರನ್ನು ನಿಲ್ಲಿಸಬೇಕು ಅಂತಿದ್ದೆ, ಅವರಲ್ಲಿ ಒಬ್ಬನನ್ನು ಚಾವಣಿಯ ಮೇಲೆ ಹತ್ತಿಸಿ ಕೈಗೆ ಬೈನಾಕ್ಯುಲರ್ ಕೊಡುತ್ತೇನೆ. ಮೇಷ್ಟ್ರೇ, ಒಂದು ಪಾರಿವಾಳದ ಬುಟ್ಟಿ ಇಡಲಾ?

ಮೇಷ್ಟ್ರು (ಶಿವಮೊಗ್ಗ)

ಬೇಡ. ನಾನು ಹೇಳಿದ್ದು ಬ್ರಿಟಿಷ್ ಮೀನುದೋಣಿಯದು. ನಿಮ್ಮ ದೋಣಿಯ ಫೋಟೋದಲ್ಲಿ ಕಾಣದ್ದನ್ನು ಇಡಬೇಡಿ. ಕಂಬದಿಂದ ಕಂಬಕ್ಕೆ ತಂತಿ ಎಳೆದಿದೆಯಾ ನೋಡಿ, ಇದ್ದರೆ ವೈರ್‌ಲೆಸ್ ಇತ್ತು ಅಂತ ಅರ್ಥ.

ಕಡ್ಡಿಪೆಟ್ಟಿಗೆ (ಮೈಸೂರು)

ಇದೆ! ಭೂತಗನ್ನಡಿ ಹಿಡಿದು ನೋಡಿದೆ, ಎರಡು ಎಳೆ. ಇಷ್ಟು ದಿನ ಅದನ್ನು ಫೋಟೋ ಮೇಲಿನ ಗೀರು ಅಂದುಕೊಂಡಿದ್ದೆ. ಆದರೆ ಈ ಅಳತೆಗೆ ಹೊಲಿಗೆ ದಾರ ಹಗ್ಗದ ಹಾಗೆ ಕಾಣುತ್ತದೆ. ಏನು ಬಳಸಲಿ?

ಅಳಿವೆಬಾಗಿಲು (ಮಲ್ಪೆ)

ಹಳೇ ಬಲೆಯ ನೈಲಾನ್ ನೂಲು ಬಿಚ್ಚಿದರೆ ಒಳಗೆ ಕೂದಲಿನಷ್ಟು ಸಪೂರ ಎಳೆ ಸಿಗ್ತದೆ, ಎಳೆದರೆ ಜೋಲುವುದಿಲ್ಲ. ನನ್ನ ಹತ್ತಿರ ಮೂಟೆಗಟ್ಟಲೆ ಉಂಟು. ವಿಳಾಸ ಇಲ್ಲಿ ಹಾಕಬೇಡಿ, ಖಾಸಗಿಯಾಗಿ ಕಳಿಸಿ, ಲಕೋಟೆಯಲ್ಲಿ ಹಾಕಿ ಕೊಡ್ತೇನೆ. ಮೀನಿನ ವಾಸನೆ ಬಂದರೆ ನನ್ನನ್ನು ಬೈಯಬೇಡಿ.